ಸೋಂಗ್‌ಕುಲ್ ದಂಡೆಯಲ್ಲಿ ಕಳೆದ ಕಿವಿ

ಬಿಶ್ಕೆಕ್

ಆಷಾಢದಲ್ಲಿ ಬೇಸಿಗೆ ನೋಡಲು ಹೊರಟವರು ಹಗರಿಬೊಮ್ಮನಹಳ್ಳಿಯಲ್ಲಿ ನಾವೇ ಮೊದಲಿಗರಿರಬೇಕು. ಊರಲ್ಲಿ ಮೋಡ ಕಟ್ಟಿತ್ತು, ಮೆಕ್ಕೆಜೋಳ ಮೊಣಕಾಲೆತ್ತರ ಬಂದಿತ್ತು. "ಅಕ್ಕಾ, ಇಲ್ಲಿ ಈಗ ಬ್ಯಾಸಿಗಿ. ಗುಡ್ಡದ ದಾರಿ ತೆರದೈತಿ. ಸ್ವಲ್ಪ ದಿನ ಬಿಟ್ರ ಮತ್ತ ಹಿಮ ಬಿದ್ದು ಮುಚ್ಚತೈತಿ, ಬರೋದಿದ್ರ ಈಗ ಬರ್ರಿ" ಎಂದು ತಂಗಿ ಲತಾ ಕಿರ್ಗಿಜ್‌ಸ್ತಾನದಿಂದ ಬೆನ್ನು ಬಿದ್ದಿದ್ದಳು. ಅವಳು ಅಲ್ಲಿ ಡಾಕ್ಟರಿಕೆ ಓದುತ್ತಾಳೆ. ಚಿಗಟೇರಿ ಹತ್ತಿರದ ನಮ್ಮ ತವರಿನಲ್ಲಿ ಅಪ್ಪ ಇವತ್ತಿಗೂ ಕುರಿ ಕಾಯುತ್ತಾನೆ. ಅವನ ಒಬ್ಬ ಮಗಳು ಅಂಚೆ ಕಚೇರಿ ಸೇರಿದಳು, ಇನ್ನೊಬ್ಬಳು ಹಿಮದ ದೇಶ ಸೇರಿದಳು.

"ಆಷಾಢದಾಗ ಯಾರರ ದೇಶ ದಾಟ್ತಾರೇನು?" ಎಂದು ಅವ್ವ ಗೊಣಗಿದಳು. ಗೊಣಗುತ್ತಲೇ ಶೇಂಗಾ ಹೋಳಿಗೆ, ಕಟಕ ರೊಟ್ಟಿ, ಚಟ್ನಿಪುಡಿ ಕಟ್ಟಿದಳು. ಮೈಲಾರದ ಭಂಡಾರದ ಅರಿಶಿನಪುಡಿಯನ್ನು ಬಟ್ಟೆಯಲ್ಲಿ ಗಂಟು ಹಾಕಿ ನನ್ನ ಬ್ಯಾಗಿನ ತಳದಲ್ಲಿ ಇಟ್ಟಳು.

ಹೊರಟವರು ಮೂವರು. ನಾನು, ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿರುವ ನಮ್ಮ ಮನೆಯವರು ಬಸವರಾಜ, ಮತ್ತು ಐದು ವರ್ಷದ ಮಗಳು ಸಿಂಚನಾ. ಸಿಂಚುವಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಮೂರನೇ ವರ್ಷಕ್ಕೆ ಆಪರೇಷನ್ ಆಯಿತು. ತಲೆಯ ಒಳಗೆ ಒಂದು ಯಂತ್ರ, ಹೊರಗೆ ಕಿವಿಯ ಹಿಂದೆ ಸಿಕ್ಕಿಸುವ ಒಂದು ಮಷಿನ್. ಅದರಿಂದ ಹೊರಟ ತಂತಿಯ ತುದಿಗೆ ಒಂದು ಬಿಲ್ಲೆ, ಬಿಲ್ಲೆಯಲ್ಲಿ ಅಯಸ್ಕಾಂತವಿದೆ. ಅದು ಕೂದಲ ಮೇಲೆ ಕಚ್ಚಿಕೊಂಡಿದ್ದರೆ ಸಿಂಚುವಿಗೆ ಲೋಕವೆಲ್ಲ ಕೇಳಿಸುತ್ತದೆ. ಬಿದ್ದರೆ ಏನೂ ಇಲ್ಲ, ಗೋಡೆಯಂಥ ಮೌನ.

ದಾವಣಗೆರೆಯಲ್ಲಿ ಮಾತು ಕಲಿಸುವ ಮೇಡಂ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದ್ದರು. "ಕೈಸನ್ನೆ ಬಿಡಿಸ್ರಿ. ನೀರು ಬೇಕಂದ್ರೆ ಬಾಯಿಂದಾನೇ ಕೇಳ್ಲಿ." ಅಂದಿನಿಂದ ಅವಳು ಕೈ ಎತ್ತಿದಾಗಲೆಲ್ಲ ನಾನು ಮೆಲ್ಲಗೆ ಆ ಕೈ ಹಿಡಿದು "ಬಾಯಿಲೆ ಹೇಳು ಕಂದಾ" ಅನ್ನುತ್ತಿದ್ದೆ. ಮಾತು ಬಂತು. ತೊದಲು, ಅರ್ಧಂಬರ್ಧ, ಆದರೆ ಬಂತು.

ಬಿಶ್ಕೆಕ್ ನಗರದ ನಡುವೆ ನಿಂತರೆ ರಸ್ತೆಯ ಕೊನೆಯಲ್ಲಿ ಹಿಮದ ಬೆಟ್ಟ ಕಾಣುತ್ತದೆ. ಬಿಸಿಲು ಕೂಡ್ಲಿಗಿಯದ್ದೇ, ಆದರೆ ತಲೆ ಎತ್ತಿದರೆ ಹಿಮ! ನಾನು ಅದನ್ನು ಬಾಯಿ ಬಿಟ್ಟು ನೋಡುತ್ತಿದ್ದರೆ ನಮ್ಮವರು ಒಂದು ಟ್ರಾನ್ಸ್‌ಫಾರ್ಮರಿನ ಫೋಟೋ ತೆಗೆಯುತ್ತಿದ್ದರು.

"ಸಾವಿರಾರು ಮೈಲಿ ಬಂದು ಅದನ್ನ ನೋಡ್ತೀರೇನ್ರಿ?"

"ಎಷ್ಟು ಚಂದ ಕೂರ್ಸ್ಯಾರ ನೋಡ ರೇಣು" ಅಂದರು, ತೇರು ನೋಡಿದವರ ಹಾಗೆ.

ಕೊಚ್ಕೋರ್

ನಮ್ಮ ಡ್ರೈವರ್ ಬಕಿತ್. ಐವತ್ತು ದಾಟಿದ ಮನುಷ್ಯ, ಎದೆ ಅಗಲ, ಬಾಯಲ್ಲಿ ಎರಡು ಬಂಗಾರದ ಹಲ್ಲು. ಅವನಿಗೆ ರಷ್ಯನ್ ಮತ್ತು ಕಿರ್ಗಿಜ್ ಬರುತ್ತದೆ, ಲತಾಗೆ ರಷ್ಯನ್ ಬರುತ್ತದೆ. ನಮಗೆ ಲತಾ ಬರುತ್ತಾಳೆ. ಹಾಗೆ ಮಾತು ಸಾಗಿತು.

ಕಣಿವೆಯೊಳಗೆ ದಾರಿ ನದಿಯ ಪಕ್ಕದಲ್ಲೇ ಓಡುತ್ತದೆ. ಒಂದು ತಿರುವಿನಲ್ಲಿ ಎದುರಿಂದ ಲಾರಿ ನುಗ್ಗಿ ಬಂದಾಗ ನಮ್ಮವರ ಬಾಯಿಂದ "ಏಳುಕೋಟಿ!" ಎಂದು ಮೈಲಾರಲಿಂಗನ ಉದ್ಗಾರ ಹೊರಬಿತ್ತು. ಅದು ಏನೆಂದು ಬಕಿತ್ ಕೇಳಿದ. ದೇವರನ್ನು ಕರೆದದ್ದು ಎಂದು ಲತಾ ಹೇಳಿದಳು. ಬಕಿತ್‌ಗೆ ಅದು ಬಹಳ ಹಿಡಿಸಿತು. ಅಲ್ಲಿಂದ ಪ್ರತಿ ತಿರುವಿನಲ್ಲೂ ಹಾರ್ನಿನ ಜೊತೆಗೆ "ಎಲುಕೋತಿ!" ಎಂದು ಅವನೇ ಕೂಗತೊಡಗಿದ. ಸಿಂಚು ನಕ್ಕು ನಕ್ಕು ಸೀಟಿನಿಂದ ಜಾರಿದಳು.

ಕೊಚ್ಕೋರ್ ಎಂಬ ಊರಿನ ಒಂದು ಮನೆಯಲ್ಲಿ ಊಟಕ್ಕೆ ಇಳಿದೆವು. ಮನೆಯ ಹೆಂಗಸು ಬಟ್ಟಲಿನಲ್ಲಿ ಅರ್ಧವೇ ಚಹಾ ಸುರಿದಳು. ನಮ್ಮವರು ಬಟ್ಟಲು ನೋಡಿ ನನ್ನ ಕಡೆ ವಾಲಿದರು. "ಬೈಟು ಚಾ ಇಲ್ಲೂ ಐತೇನಲೇ?"

ಲತಾಗೆ ಕೇಳಿಸಿತು. "ಅಲ್ಲ ಮಾಮಾ, ಇಲ್ಲಿ ಅರ್ಧ ಹಾಕೋದು ಮರ್ಯಾದಿ. ನೀವು ಮತ್ತ ಮತ್ತ ಕೇಳಬೇಕು, ಅವರು ಮತ್ತ ಮತ್ತ ಹಾಕಬೇಕು. ತುಂಬ ಹಾಕಿದ್ರ, ಕುಡುದು ಎದ್ದು ಹೋಗ್ರಿ ಅಂದಂಗ."

ಊಟ ಮುಗಿದ ಮೇಲೆ ಎಲ್ಲರೂ ಎರಡೂ ಅಂಗೈಯನ್ನು ಮುಖದ ಮುಂದೆ ಹಿಡಿದು ಮೇಲಿಂದ ಕೆಳಕ್ಕೆ ಸವರಿಕೊಂಡರು. ಅನ್ನ ಕೊಟ್ಟವನಿಗೆ ವಂದನೆಯಂತೆ. ನಾನು ಏನು ಮಾಡಲಿ ಎಂದು ನೋಡುತ್ತಿರುವಾಗಲೇ ಸಿಂಚು ಮಾಡಿ ಮುಗಿಸಿದ್ದಳು.

ನಾನು ಆಗ ಒಂದು ವಿಷಯ ಗಮನಿಸಿದೆ. ಭಾಷೆ ತಿಳಿಯದ ಜಾಗದಲ್ಲಿ ನಾವು ದೊಡ್ಡವರು ಪೆಚ್ಚಾಗಿ ಕೂತಿರುತ್ತಿದ್ದೆವು. ಸಿಂಚುವಿಗೆ ಅದು ಹೊಸದೇ ಅಲ್ಲ. ಮೂರು ವರ್ಷ ಅವಳು ಯಾರ ಮಾತೂ ತಿಳಿಯದೆ ಮುಖ ನೋಡಿ, ಹುಬ್ಬು ನೋಡಿ, ಕೈ ನೋಡಿಯೇ ಬದುಕಿದವಳು. ಅಂಗಡಿಯವಳು ಯಾವಾಗ ನಗುತ್ತಾಳೆ, ಮುದುಕ ಯಾವಾಗ ಕರೆಯುತ್ತಾನೆ ಎಲ್ಲ ನಮಗಿಂತ ಮುಂಚೆ ಅವಳಿಗೆ ತಿಳಿಯುತ್ತಿತ್ತು. ಆ ಊರು ಬಿಡುವಷ್ಟರಲ್ಲಿ ಅವಳ ಜೇಬು ಮಿಠಾಯಿಯಿಂದ ಉಬ್ಬಿತ್ತು. ಅಲ್ಲಿನ ಮುದುಕಿಯರು ಮಗುವನ್ನು ಬರಿಗೈಯಲ್ಲಿ ದಾಟಿ ಹೋಗುವುದಿಲ್ಲ.

ಗುಡ್ಡದ ನೆತ್ತಿ

ಸೋಂಗ್‌ಕುಲ್ ಎಂಬ ಕೆರೆ ಬೆಟ್ಟದ ಮೇಲಿದೆ. ಅಲ್ಲಿಗೆ ಹೋಗಲು ಇನ್ನೂ ಎತ್ತರದ ಬೆಟ್ಟ ಹತ್ತಿ ಆಚೆ ಇಳಿಯಬೇಕು. ಡಾಂಬರು ಮುಗಿದು ಮಣ್ಣುರಸ್ತೆ ಸುರುಳಿ ಸುರುಳಿಯಾಗಿ ಏರಿತು. ಗಿಡಮರ ಒಂದೂ ಇಲ್ಲ, ಕಣ್ಣು ಹೋದಲ್ಲೆಲ್ಲ ಹುಲ್ಲು. ನಮ್ಮ ಕಡೆಯ ಬೋಳು ಗುಡ್ಡಗಳಿಗೆ ಯಾರೋ ರಾತ್ರೋರಾತ್ರಿ ಹಸಿರು ಕಂಬಳಿ ಹೊದಿಸಿದ ಹಾಗೆ. ಅಪ್ಪ ಇದನ್ನು ನೋಡಬೇಕಿತ್ತು ಅನಿಸಿತು. ಒಂದು ಹಿಡಿ ಹುಲ್ಲಿಗಾಗಿ ಅವನು ಮಂದೆ ಹೊಡೆದುಕೊಂಡು ಕೊಟ್ಟೂರು ದಾಟಿ, ಹಡಗಲಿ ದಾಟಿ, ಹೊಳೆಸಾಲಿನವರೆಗೆ ನಡೆಯುತ್ತಾನೆ.

ನೆತ್ತಿಯಲ್ಲಿ ದಾರಿಯ ಪಕ್ಕಕ್ಕೇ ಹಿಮ ಉಳಿದಿತ್ತು. ಸಿಂಚು ಇಳಿದು ಬೂಟುಗಾಲಿಂದ ಒದ್ದಳು, ನೆಕ್ಕಿದಳು. "ಸಪ್ಪಗೈತಿ" ಎಂದು ಉಗುಳಿದಳು. ನಮ್ಮವರು ಮಾತ್ರ ತಲೆ ಹಿಡಿದುಕೊಂಡು ಕಾರಿನಲ್ಲೇ ಕೂತರು. ದಿನಬೆಳಗಾದರೆ ಕಂಬ ಹತ್ತುವ ಮನುಷ್ಯನಿಗೆ ಈ ಎತ್ತರದ ಗಾಳಿ ಆಗಿಬರಲಿಲ್ಲ.

ಆಚೆ ಇಳಿಯುವ ತಿರುವಿನಲ್ಲಿ ಕೆರೆ ಕಂಡಿತು. ಬೇಸಿಗೆಗೆ ಮುಂಚೆ ಹಂಪಸಾಗರದ ಹತ್ತಿರ ತುಂಗಭದ್ರೆಯ ಹಿನ್ನೀರು ನೋಡಿದವರಿಗೆ ನೀರಿನ ವಿಸ್ತಾರ ಹೊಸದೇನಲ್ಲ. ಆದರೆ ಇದರ ಸುತ್ತ ಒಂದು ಮನೆಯಿಲ್ಲ, ಕಂಬವಿಲ್ಲ. ದಂಡೆಯುದ್ದಕ್ಕೂ ಅಲ್ಲಲ್ಲಿ ಬಿಳಿ ಗುಡಾರಗಳು, ಬೋಗುಣಿ ಬೋರಲು ಹಾಕಿದಂತೆ. ಅವುಗಳ ನಡುವೆ ಕುದುರೆಗಳು ತಮ್ಮ ಪಾಡಿಗೆ ತಾವು ಮೇಯುತ್ತಿದ್ದವು. ಆ ತಿರುವಿನಲ್ಲಿ ಬಕಿತ್ "ಎಲುಕೋತಿ" ಅನ್ನುವುದನ್ನೂ ಮರೆತ.

ಸೋಂಗ್‌ಕುಲ್, ಮೊದಲ ಸಂಜೆ

ನಾವು ಇಳಿದುಕೊಂಡ ಗುಡಾರ ಒಂದು ಕುರುಬರ ಮನೆತನದ್ದು. ಬೇಸಿಗೆ ಇರುವಷ್ಟು ದಿನ ಮಂದೆಯ ಜೊತೆ ಅಲ್ಲಿರುತ್ತಾರೆ, ಹಿಮ ಬೀಳುವ ಮುಂಚೆ ಗುಡಾರ ಬಿಚ್ಚಿ ಕೆಳಗಿನ ಊರಿಗೆ ಇಳಿಯುತ್ತಾರೆ. ಮನೆಯ ಹಿರಿಯ ಹೆಂಗಸನ್ನು ಎಲ್ಲರೂ "ಅಪಾ" ಎಂದು ಕರೆಯುತ್ತಿದ್ದರು. ಅವರ ಭಾಷೆಯಲ್ಲಿ ಹಾಗೆಂದರೆ ಅವ್ವ. ಸಿಂಚುವಿಗೆ ಇದು ಬಗೆಹರಿಯಲಿಲ್ಲ.

"ಅವ್ವಾ, ಅಕಿ ಅಪ್ಪ ಹೆಂಗಾಕ್ಕಾಳ? ಸೀರಿ ಉಟ್ಟಾಳ."

"ಅದು ಸೀರಿ ಅಲ್ಲ, ಅಕಿ ಅಪ್ಪನೂ ಅಲ್ಲ" ಎಂದು ಲತಾ ನಕ್ಕಳು. ಅಪಾ ಉದ್ದನೆಯ ಹೂವಿನ ಗೌನು ತೊಟ್ಟು, ತಲೆಗೆ ವಸ್ತ್ರ ಕಟ್ಟಿದ್ದಳು. ಕೆನ್ನೆ ಗಾಳಿಗೆ ಬಿರಿದು ಕೆಂಪಾಗಿತ್ತು.

ಗುಡಾರದ ಹೊದಿಕೆ ಕುರಿಯ ಉಣ್ಣೆಯದು. ನೇಯ್ದದ್ದಲ್ಲ; ಉಣ್ಣೆ ಹರವಿ, ಬಿಸಿನೀರು ಹೊಯ್ದು, ಸುತ್ತಿ, ತುಳಿದು ತುಳಿದು ಗಟ್ಟಿ ಮಾಡಿದ್ದು. ನಮ್ಮಲ್ಲಿ ಕಂಬಳಿಯ ನೂಲಿಗೆ ಹುಣಸೆಬೀಜದ ಗಂಜಿ ಕುಡಿಸಿ ಮಗ್ಗಕ್ಕೆ ಹಾಕುತ್ತಾರೆ ಎಂದು ಲತಾ, ಬಕಿತ್ ಮೂಲಕ ಹೇಳಿದೆ. ಹುಣಸೆ ಅಂದರೇನು ಎಂದು ಅಪಾ ಕೇಳಿದಳು. ಚಟ್ನಿಪುಡಿ ಕೈಗೆ ಹಾಕಿದೆ, ಅದರಲ್ಲಿ ಹುಣಸೆ ಇತ್ತು. ನೆಕ್ಕಿದವಳೇ ಕಣ್ಣಲ್ಲಿ ನೀರು ತಂದುಕೊಂಡು ಕೆಮ್ಮಿದಳು. ಆಮೇಲೆ ಇನ್ನೊಂದು ಚಿಟಿಕೆಗೆ ಕೈ ಚಾಚಿದಳು.

ಅಲ್ಲಿನ ಕುರಿಗಳಿಗೆ ಬಾಲವಿಲ್ಲ. ಹಿಂದೆ ಎರಡು ದಿಂಬು ಕಟ್ಟಿದಂತೆ ಕೊಬ್ಬಿನ ಗಡ್ಡೆ ಜೋಲಾಡುತ್ತದೆ. ಸಂಜೆ ನಮಗಾಗಿ ಒಂದನ್ನು ಕೊಯ್ದಿದ್ದರು. ಬೇಯಿಸಿದ ತಲೆಯನ್ನು ತಟ್ಟೆಯಲ್ಲಿಟ್ಟು ನಮ್ಮವರ ಮುಂದೆ ತಂದರು. ದೊಡ್ಡ ಅತಿಥಿಗೆ ತಲೆ ಕೊಡುವುದು ಅಲ್ಲಿನ ರೀತಿ. ನಮ್ಮವರು ಮನೆಯಲ್ಲಿ ತಲೆಮಾಂಸಕ್ಕೆ ಜಗಳ ತೆಗೆಯುವವರು. ಅಲ್ಲಿ ಎಲ್ಲರೂ ಕಣ್ಣಿಟ್ಟು ನೋಡುತ್ತಿದ್ದರೆ ಮದುಮಗನ ಹಾಗೆ ನಾಚಿದರು. ಅಪಾಳ ಗಂಡ, ಬಿಳಿ ಗಡ್ಡದ ಮುದುಕ, ಚಾಕುವಿನಿಂದ ಒಂದು ಕಿವಿ ಕೊಯ್ದು ಸಿಂಚುವಿನ ಕೈಗಿಟ್ಟ.

"ಕಿವಿ ಯಾವಾಗ್ಲೂ ಮಕ್ಕಳಿಗೆ ಕೊಡ್ತಾರಂತ ಅಕ್ಕಾ" ಎಂದಳು ಲತಾ. "ಚೆನ್ನಾಗಿ ಕೇಳಿಸ್ಲಿ, ಹೇಳಿದ ಮಾತು ಕೇಳ್ಲಿ ಅಂತ."

ಅವರು ಅಷ್ಟು ಹೊತ್ತಿಗೆ ಸಿಂಚುವಿನ ಕಿವಿಯ ಮಷಿನ್ ನೋಡಿಯೂ ಇರಲಿಲ್ಲ, ಟೊಪ್ಪಿಗೆಯ ಒಳಗಿತ್ತು. ಸಿಂಚು ಕಿವಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ನಂಗ ಕಿವಿ ಕೊಟ್ರು" ಎಂದು ಎಲ್ಲರಿಗೂ ತೋರಿಸಿದಳು.

ಸೋಂಗ್‌ಕುಲ್, ಮರುದಿನ

ಬೆಳಿಗ್ಗೆ ಕುದುರೆ ಹಾಲು ಕರೆಯುವುದನ್ನು ನೋಡಲು ಹೋದೆವು. ನಮ್ಮಲ್ಲಿ ಕರು ಬಿಟ್ಟು ಹಸು ಕರೆಯುವಂತೆಯೇ, ಮೊದಲು ಮರಿ ಬಿಟ್ಟು ಕುಡಿಸಿ, ಹಾಲು ಇಳಿದ ಮೇಲೆ ಮರಿಯನ್ನು ಪಕ್ಕಕ್ಕೆ ಎಳೆದು ಕರೆಯುತ್ತಾರೆ. ಅಪಾಳ ಸೊಸೆ ಐಪೆರಿ ಒಂದು ಮೊಣಕಾಲೂರಿ, ಇನ್ನೊಂದರ ಮೇಲೆ ಬಿಳಿ ಬಣ್ಣದ ಕಬ್ಬಿಣದ ಬಕೆಟ್ ಇಟ್ಟುಕೊಂಡು ಕರೆಯುತ್ತಿದ್ದಳು. ಸಿಂಚು ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಲತಾ ಜೊತೆ ಮಾತಾಡುತ್ತಾ ಕೆರೆಯ ದಂಡೆಗೆ ನಡೆದೆ.

ವಾಪಸು ಬಂದಾಗ ಐಪೆರಿ ಇರಲಿಲ್ಲ, ಕುದುರೆಗಳು ದೂರ ಹೋಗಿದ್ದವು. ಸಿಂಚು ಒಬ್ಬಳೇ ಹುಲ್ಲಿನಲ್ಲಿ ಹೂವು ಕೀಳುತ್ತಿದ್ದಳು. "ಸಿಂಚೂ" ಎಂದೆ. ತಿರುಗಲಿಲ್ಲ. ಇನ್ನೊಮ್ಮೆ ಕೂಗಿದೆ. ಓಡಿ ಹೋಗಿ ಟೊಪ್ಪಿಗೆ ತೆಗೆದೆ. ಕಿವಿಯ ಹಿಂದೆ ಖಾಲಿ.

"ಲತಾ! ಮಷಿನ್ ಇಲ್ಲಲೇ!"

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಆ ಜನರಿಗೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಲತಾ ಬಕಿತ್‌ಗೆ ಹೇಳಿದಳು, ಬಕಿತ್ ಎಲ್ಲರಿಗೂ ಕೂಗಿ ಹೇಳಿದ. ಮುದುಕ ಕುದುರೆ ಹತ್ತಿ, ಆ ಹುಲ್ಲಿನತ್ತ ಬರುತ್ತಿದ್ದ ಮಂದೆಯನ್ನು ಹಿಂದಕ್ಕೆ ತಿರುಗಿಸಿದ. ನಾಯಿಗಳನ್ನು ಕಟ್ಟಿದರು. ಪಕ್ಕದ ಗುಡಾರಗಳಿಂದ ಹೆಂಗಸರು, ಗಂಡಸರು ಕೆಲಸ ಬಿಟ್ಟು ಬಂದರು. ಯಾರೂ ಕಾಲೂರಲಿಲ್ಲ, ಎಲ್ಲಿ ತುಳಿದು ಒಡೆಯುತ್ತೇವೋ ಎಂದು ಮಂಡಿಯ ಮೇಲೆ ತೆವಳುತ್ತಾ ಹುಲ್ಲು ಬಗೆದು ಬಗೆದು ನೋಡಿದರು. ನಮ್ಮ ಹೆಸರೂ ಗೊತ್ತಿಲ್ಲದವರು.

ಕೆರೆಯ ಆಚೆ ಮೋಡ ಕಪ್ಪಾಗುತ್ತಿತ್ತು. ಅಲ್ಲಿ ಮಧ್ಯಾಹ್ನವಾದರೆ ಆಲಿಕಲ್ಲು ಬೀಳುವುದು ಮಾಮೂಲಂತೆ. ಒಂದು ಸಲ ನೀರು ಹೊಕ್ಕರೆ ಮಷಿನ್ ಮುಗಿಯಿತು. ನಮ್ಮವರು ತಲೆನೋವು ಮರೆತು ಹೊಟ್ಟೆ ಮೇಲೆ ಮಲಗಿ ಹುಡುಕುತ್ತಿದ್ದರು. ನಾನು ಹುಡುಕುವುದನ್ನೂ ಬಿಟ್ಟು ಅಳತೊಡಗಿದೆ. ಎಷ್ಟು ದಿನ ಕಾದು ಬಂದ ಮಾತು! ಹೊಸದು ಸಿಗುವವರೆಗೆ ಅವಳು ಮತ್ತೆ ಆ ಗೋಡೆಯ ಆಚೆ.

ಈ ಗದ್ದಲದಲ್ಲಿ ಸಿಂಚು ನನ್ನ ಅಂಗಿ ಜಗ್ಗಿದಳು. ನಾನು ಅವಳ ಕಡೆ ನೋಡಲಿಲ್ಲ. ತನ್ನಪ್ಪನ ಬಳಿ ಹೋದಳು, ಅವರೂ ನೋಡಲಿಲ್ಲ. ಕೇಳಿಸದ ಮಗುವನ್ನು ಏನು ಕೇಳುವುದೆಂದು ನಮ್ಮಿಬ್ಬರಿಗೂ ಅನಿಸಿರಬೇಕು. ಅಪಾ ಮಾತ್ರ ಅವಳ ಮುಂದೆ ಮಂಡಿಯೂರಿ ಕೂತಳು. ಅವಳಿಗೆ ಇದರಲ್ಲಿ ವಿಶೇಷವೇನೂ ಇರಲಿಲ್ಲ. ನಿನ್ನೆಯಿಂದ ಅವಳು ನಮ್ಮೆಲ್ಲರ ಜೊತೆ ಹೆಚ್ಚಾಗಿ ಕೈಯಲ್ಲೇ ಮಾತಾಡಿದ್ದಳು. ತನ್ನ ಕಿವಿ ಮುಟ್ಟಿ, ಎರಡೂ ಅಂಗೈ ಬಿಚ್ಚಿ, ಎಲ್ಲಿ ಎಂದು ಕೇಳಿದಳು.

ಸಿಂಚು ಎರಡು ಮುಷ್ಟಿ ಕಟ್ಟಿ ಮೇಲೆ ಕೆಳಗೆ ಆಡಿಸಿದಳು, ಹಾಲು ಕರೆದ ಹಾಗೆ. ಗಾಳಿಯಲ್ಲಿ ದುಂಡಗೆ ಬಕೆಟ್ ಬರೆದಳು. ತಲೆಯಿಂದ ಏನನ್ನೋ ತೆಗೆದು ಆ ಬಕೆಟ್‌ನ ತಳಕ್ಕೆ ಅಂಟಿಸಿದಳು. ಆಮೇಲೆ ಎರಡು ಬೆರಳನ್ನು ತೋಳಿನ ಮೇಲೆ ಕುದುರೆಯಂತೆ ಕುಣಿಸುತ್ತಾ ದಂಡೆಯ ಆ ತುದಿಯ ಕಡೆ ಓಡಿಸಿದಳು.

ಅಪಾ ಎದ್ದು ನಿಂತು ಜೋರಾಗಿ ಕೂಗಿದಳು. "ಐಪೆರಿ! ಚೆಲೆಕ್!" ಚೆಲೆಕ್ ಅಂದರೆ ಬಕೆಟ್ ಎಂದು ಯಾರೂ ಹೇಳಬೇಕಾಗಲಿಲ್ಲ. ಐಪೆರಿ ಆ ಹಾಲಿನ ಬಕೆಟ್‌ಗೆ ಮುಚ್ಚಳ ಹಾಕಿಕೊಂಡು ಕುದುರೆಯ ಮೇಲೆ ದೂರದ ಗುಡಾರದಲ್ಲಿದ್ದ ತನ್ನ ಅಕ್ಕನಿಗೆ ಕೊಡಲು ಹೋಗಿದ್ದಳು.

ನಡುವೆ ಜವುಗು, ಕಾರು ಹೋಗುವ ದಾರಿಯಲ್ಲ. ಮುದುಕ ಕುದುರೆ ತಂದು ನಿಲ್ಲಿಸಿ ನಮ್ಮವರತ್ತ ಕೈ ಚಾಚಿದ. ಹುಟ್ಟಿದಾಗಿನಿಂದ ಕುದುರೆ ಹತ್ತದ ಮನುಷ್ಯ ಮುದುಕನ ಬೆನ್ನ ಹಿಂದೆ ಹತ್ತಿ ಸೊಂಟ ತಬ್ಬಿಕೊಂಡರು. ಕುದುರೆ ಜಿಗಿಯಿತು. "ಏಳುಕೋಟಿ!" ಎಂಬ ಕೂಗು ನಮಗೆ ಬಹಳ ಹೊತ್ತು ಕೇಳಿಸುತ್ತಲೇ ಇತ್ತು.

ಆಲಿಕಲ್ಲು ಬಂತು. ಗುಡಾರದೊಳಗೆ ಒಲೆಯ ಸುತ್ತ ಎಲ್ಲರೂ ಕೂತೆವು. ನಾನು ಭಂಡಾರದ ಗಂಟು ಬಿಚ್ಚಿ ಸಿಂಚುವಿನ ಹಣೆಗೆ ಹಚ್ಚಿದೆ. ಅಪಾ ತಾನೂ ಹಣೆ ಒಡ್ಡಿದಳು, ಹಚ್ಚಿದೆ. ಅವರಿಬ್ಬರೂ ಕೈಮಾತನ್ನು ಬಕೆಟ್‌ಗೇ ನಿಲ್ಲಿಸಲಿಲ್ಲ. ಕುರಿ ಹೇಗೆ ನಡೆಯುತ್ತದೆ, ಬಕಿತ್ ಹೇಗೆ ಕಾರು ಓಡಿಸುತ್ತಾನೆ, ಅಪ್ಪ ಕುದುರೆ ಮೇಲೆ ಹೇಗೆ ಹೆದರಿದ್ದಾನೆ, ಎಲ್ಲ ಕೈಯಲ್ಲೇ ನಡೆಯಿತು. ಸಿಂಚು ಅಷ್ಟು ಸರಾಗವಾಗಿ, ಅಷ್ಟು ಉದ್ದವಾಗಿ ಯಾರ ಜೊತೆಗೂ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಅವಳ ಕೈ ಹಿಡಿಯಲು ನನಗೆ ಮನಸ್ಸು ಬರಲಿಲ್ಲ.

ಕುದುರೆ ಬಂದು ನಿಂತಾಗ ನಮ್ಮವರು ಇಳಿಯಲಾಗದೆ ಉರುಳಿ ಬಿದ್ದರು. ಅಂಗಿಯ ಒಳಗಿಂದ ಕರವಸ್ತ್ರದ ಗಂಟು ತೆಗೆದರು. ಬಕೆಟ್‌ನ ತಳದ ಹೊರಬದಿಯ ಗುಳಿಯಲ್ಲಿ ಬಿಲ್ಲೆ ಗಟ್ಟಿಯಾಗಿ ಕಚ್ಚಿಕೊಂಡಿತ್ತಂತೆ, ಮಷಿನ್ ಬಾವಲಿಯ ಹಾಗೆ ಜೋತಾಡುತ್ತಿತ್ತಂತೆ. ಐಪೆರಿ ನೋಡೇ ಇರಲಿಲ್ಲ. ಮಳೆ ಶುರುವಾಗುವ ಮುಂಚೆ ಬಕೆಟ್ ಗುಡಾರದೊಳಗೆ ಹೋಗಿತ್ತು.

ಆದರೂ ಭಯ. ತೇವ ಹೀರುವ ಡಬ್ಬಿಯಲ್ಲಿಟ್ಟು ಕಾದೆವು. ಇಡೀ ಗುಡಾರ ಆ ಡಬ್ಬಿಯನ್ನು ಕಾಯುತ್ತಿತ್ತು. ಕೊನೆಗೆ ಹೊಸ ಬ್ಯಾಟರಿ ಹಾಕಿದೆ, ಕಿವಿಗೆ ಸಿಕ್ಕಿಸಿದೆ, ಬಿಲ್ಲೆ ತಲೆಗೆ ಅಂಟಿಸಿದೆ. ಹಸಿರು ದೀಪ ಮಿಣುಕಿತು.

"ಸಿಂಚೂ?"

ಸಿಂಚು ನನ್ನ ಕಡೆ ನೋಡಲಿಲ್ಲ, ಒಲೆಯ ಕಡೆ ನೋಡಿದಳು. "ಅವ್ವಾ, ಬೆಂಕಿ ಪಟ್ ಪಟ್ ಅಂತೈತಿ" ಎಂದಳು.

ಲತಾ ಅದನ್ನು ರಷ್ಯನ್‌ನಲ್ಲಿ ಹೇಳಿದಳು, ಬಕಿತ್ ಕಿರ್ಗಿಜ್‌ನಲ್ಲಿ ಹೇಳಿದ. ಎಲ್ಲರೂ ಒಟ್ಟಿಗೆ ಅಂಗೈ ಎತ್ತಿ ಮುಖ ಸವರಿಕೊಂಡರು.

"ಬಕೀಟಿಗೆ ಯಾಕ ಹಚ್ಚಿದಿ ನನ್ನವ್ವ?" ಎಂದು ನಮ್ಮವರು ಕೇಳಿದರು.

"ನಂಗ ಅಜ್ಜ ಕಿವಿ ಕೊಟ್ಟ. ನಾ ಬಕೀಟಿಗೆ ಕೊಟ್ಟೆ" ಎಂದಳು. ಅದರಲ್ಲಿ ಕೇಳುವಂಥದ್ದೇನಿದೆ ಎಂಬಂತೆ.

ಇಳಿಯುವ ದಾರಿ

ಹೊರಡುವಾಗ ಅಪಾ ನನ್ನ ಕೆನ್ನೆಗೆ ಕೆನ್ನೆ ಒತ್ತಿದಳು. ಹಾಲಿನ, ಹೊಗೆಯ, ಉಣ್ಣೆಯ ವಾಸನೆ. ಅಪ್ಪ ಮಂದೆಯಿಂದ ಮನೆಗೆ ಬಂದಾಗಿನ ವಾಸನೆಯೇ. ಚಟ್ನಿಪುಡಿಯ ಡಬ್ಬಿ ಅಲ್ಲೇ ಬಿಟ್ಟುಬಂದೆ.

ಕೆಳಗೆ ಇಳಿದ ಮೇಲೆ ಎರಡು ಬಂಡೆಗೋಡೆಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಬಕಿತ್ ಕಾರು ನಿಲ್ಲಿಸಿದ. ಬೋನೆಟ್ ಎತ್ತಿ ನೀರು ಹಾಕಿದ. ಗಾಳಿ ಇರಲಿಲ್ಲ. ಸಿಂಚು ಇಳಿದು ಕಲ್ಲು ಆರಿಸುತ್ತಾ ಸ್ವಲ್ಪ ದೂರ ಹೋದಳು. ನಮ್ಮವರು ಅವಳನ್ನು ಕರೆದರು.

"ಸಿಂಚೂ, ಬಾರವ್ವ!"

ಎದುರಿನ ಬಂಡೆಯೂ ಕರೆಯಿತು. ಸಿಂಚು ನಿಂತುಬಿಟ್ಟಳು. ಅಪ್ಪನನ್ನು ನೋಡಿದಳು, ಬಂಡೆಯನ್ನು ನೋಡಿದಳು. ಅಂಥ ಶಬ್ದ ಅವಳು ಆವರೆಗೆ ಕೇಳಿರಲಿಲ್ಲ. ಬಂಡೆಯ ಹತ್ತಿರ ಹೋಗಿ, ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ಇಣುಕಿದಳು. ಯಾರೂ ಇರಲಿಲ್ಲ. ಆಗ ಎದೆ ಸೆಟೆಸಿ, ಕಣ್ಣು ಮುಚ್ಚಿ, ತನ್ನ ಹೆಸರನ್ನು ತಾನೇ ಕೂಗಿದಳು. 'ಸಿ' ಅವಳಿಗೆ ಇನ್ನೂ ಸರಿಯಾಗಿ ಬರುವುದಿಲ್ಲ.

"ಛಿಂಚೂ!"

"ಛಿಂಚೂ" ಎಂದಿತು ಬೆಟ್ಟ, ಅವಳು ಹೇಳಿದ ಹಾಗೆಯೇ.

ಅವಳು ಓಡಿ ಬಂದು ನನ್ನ ಮುಂದೆ ನಿಂತಳು. ಏದುಸಿರು ಬಿಡುತ್ತಾ, ಒಂದು ಕೈಯಿಂದ ಬೆಟ್ಟ ತೋರಿಸಿ ಇನ್ನೊಂದು ಕೈಯನ್ನು ಎದೆಗೆ ತಟ್ಟಿಕೊಂಡು ಕೇಳಿದಳು.

"ಅವ್ವಾ, ಗುಡ್ಡಕ್ಕ ನನ್ನ ಹೆಸರು ಯಾರ್ ಹೇಳ್ಯಾರ?"